ಕಪ್ಪು ಕಾಯಿ ಹಿಡಿದವರ ಲೆಕ್ಕಾಚಾರ

(ಸುರಪುರ ತಾಲ್ಲೂಕಿನ ಬೋನಾಳದಲ್ಲಿ ಚದುರಂಗ ಕಲಿಯುತ್ತಿರುವ ಮಕ್ಕಳು ಹಾಗೂ ಊರಿನ ಹಿರಿಯರ ಎದುರು ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಇಲ್ಲಿಗೆ ಕರೆದವರು ಹೇಳಿದ್ದು ಒಂದೇ ಮಾತು. 'ನಮ್ಮ ಹುಡುಗರಿಗೆ ಬಿಳಿ ಕಾಯಿ ಬಂದ್ರ ಚೆಂದ ಆಡ್ತಾರ್ರಿ. ಕರೀ ಕಾಯಿ ಬಂತಂದ್ರ ಆಡೋಕಿಂತ ಮೊದಲೇ ಸೋತಿರ್ತಾರ. ಅದಕ್ಕ ಏನರ ಹೇಳ್ರಿ.' ನಾನು ಪತ್ರಿಕೆಯ ವರದಿಗಾರ. ಚದುರಂಗದ ಪಂದ್ಯಗಳನ್ನು ನೋಡಿ ಬರೆಯುವವನು. ಆದರೂ ಈ ಮಾತನ್ನು ಕೇಳಿದಾಗ ಬರಲೇಬೇಕೆನ್ನಿಸಿತು. ಯಾಕೆಂದರೆ ಟೂರ್ನಿಯಲ್ಲಿ ಹೆಚ್ಚುಕಡಿಮೆ ಅರ್ಧ ಆಟಗಳು ಕಪ್ಪು ಕಾಯಿಯಲ್ಲೇ ಬರುತ್ತವೆ. ಬಸ್ ಚಾರ್ಜು ಕೊಟ್ಟು, ಬುತ್ತಿ ಕಟ್ಟಿಕೊಂಡು ಯಾದಗಿರಿಗೋ ಕಲಬುರಗಿಗೋ ಹೋದ ಹುಡುಗ ಅರ್ಧ ಆಟವನ್ನು ಮನೆಯಲ್ಲೇ ಸೋತು ಹೊರಟರೆ ಉಳಿದರ್ಧದಲ್ಲಿ ಏನು ಸಾಧಿಸಬಲ್ಲ?

ಮೊದಲು ಒಂದು ಸತ್ಯವನ್ನು ಒಪ್ಪಿಕೊಳ್ಳೋಣ. ಬಿಳಿಗೆ ಅನುಕೂಲ ಇದ್ದೇ ಇದೆ. ದೊಡ್ಡ ಆಟಗಾರರ ಸಾವಿರಾರು ಆಟಗಳ ಲೆಕ್ಕ ಹಾಕಿದವರು ನೂರಕ್ಕೆ ಸುಮಾರು 54 ಅಂಕ ಬಿಳಿಗೆ, ಉಳಿದದ್ದು ಕಪ್ಪಿಗೆ ಎನ್ನುತ್ತಾರೆ. ಅಂದರೆ ವ್ಯತ್ಯಾಸ ಇದೆ, ಆದರೆ ಅದು ನೀವು ಹೆದರುವಷ್ಟು ದೊಡ್ಡದಲ್ಲ. ಇದು 100 ಮೀಟರ್ ಓಟದಲ್ಲಿ ಒಬ್ಬ ಒಂದು ಹೆಜ್ಜೆ ಮುಂದೆ ನಿಂತಂತೆ. ಓಟ ಅಲ್ಲಿಗೇ ಮುಗಿಯಿತು ಎಂದು ಯಾರೂ ಹೇಳುವುದಿಲ್ಲ.

ಇವತ್ತು ನಾನು ಕಪ್ಪು ಕಾಯಿಯವರು ಆಡುವ ಒಂದೇ ಒಂದು ಆರಂಭದ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ಕಿಂಗ್ಸ್ ಇಂಡಿಯನ್ ಡಿಫೆನ್ಸ್. ಹೆಸರಿನಲ್ಲೇ 'ಇಂಡಿಯನ್' ಇದೆ. ಅದು ಹೇಗೆ ಬಂತು ಎಂಬುದು ಸ್ವಾರಸ್ಯದ ಕತೆ. ಕತೆಯನ್ನು ಮೊದಲು ಹೇಳಿ, ಆಮೇಲೆ ಮಣೆಗೆ ಬರುತ್ತೇನೆ.

ಕಲ್ಕತ್ತಾದ ಮಹೇಶಚಂದ್ರ

1840ರ ದಶಕದ ಕೊನೆಯ ಮಾತು. ಆಗ ಈ ಸುರಪುರ ಸೀಮೆಯಲ್ಲಿ ಮೆಡೋಸ್ ಟೇಲರ್ ಇದ್ದ. 1841ರಲ್ಲಿ ಬಂದವನು 1853ರ ತನಕ ಇಲ್ಲಿದ್ದು, ಚಿಕ್ಕ ವಯಸ್ಸಿನ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡ. ನಾಯಕ ಅರಸರು ಕಟ್ಟಿಸಿದ್ದ ನಿಮ್ಮ ಈ ಬೋನಾಳ ಕೆರೆಯನ್ನು ಅಭಿವೃದ್ಧಿಪಡಿಸಿದವನೂ ಅವನೇ. ಇಂದು ದೇಶಾಂತರದ ಹಕ್ಕಿಗಳು ಬಂದಿಳಿಯುವ ಕೆರೆ ಅದು. ಅದೇ ಹೊತ್ತಿಗೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬಗೆಬಗೆಯ ಮಣೆಯಾಟಗಳನ್ನು ರಚಿಸುತ್ತಿದ್ದರು. 1799ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದು, 1831ರಲ್ಲಿ ಆಡಳಿತವನ್ನು ಬ್ರಿಟಿಷರಿಗೆ ಬಿಟ್ಟುಕೊಡಬೇಕಾಗಿ ಬಂದ ದೊರೆ. ಚದುರಂಗದ ಕುದುರೆ ಒಂದೂ ಮನೆ ಬಿಡದೆ, ಒಂದು ಮನೆಗೆ ಎರಡು ಸಲ ಕಾಲಿಡದೆ 64 ಮನೆಗಳನ್ನು ಸುತ್ತಿ ಬರುವ ಕುದುರೆ ನಡಿಗೆಯಲ್ಲಿ ಅವರದು ಎತ್ತಿದ ಕೈ. ನಮ್ಮ ನಾಡಿಗೆ ಈ ಆಟ ಹೊಸದೇನಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೇ ಚದುರಂಗದ ವಿವರಣೆ ಉಂಟು. ಕಲ್ಯಾಣ ನಿಮಗೇನು ದೂರವಲ್ಲ.

ಇತ್ತ ಕಲ್ಕತ್ತಾದಲ್ಲಿ ಜಾನ್ ಕಾಕ್ರನ್ ಎಂಬ ಸ್ಕಾಟ್ಲೆಂಡಿನ ಬ್ಯಾರಿಸ್ಟರ್ ಇದ್ದ. ಆ ಕಾಲದ ಜಗತ್ತಿನ ದೊಡ್ಡ ಆಟಗಾರರಲ್ಲಿ ಒಬ್ಬ. ಅವನೆದುರು ಸರಿಸಮ ಕೂತು ಆಡುವವರು ಊರಲ್ಲಿ ಯಾರೂ ಇರಲಿಲ್ಲ. ಹೀಗಿರುವಾಗ ಕಲ್ಕತ್ತಾ ಚೆಸ್ ಕ್ಲಬ್ಬಿನ ಸದಸ್ಯನೊಬ್ಬನಿಗೆ, ಹಳ್ಳಿಗಾಡಿನ ಕಡೆ ಹೋದಾಗ, ಸೋಲೇ ಕಾಣದ ಬ್ರಾಹ್ಮಣನೊಬ್ಬನಿದ್ದಾನೆ ಎಂಬ ಸುದ್ದಿ ಸಿಕ್ಕಿತು. ಹುಡುಕಿಕೊಂಡು ಹೋಗಿ ಆಡಿ ನೋಡಿದ, ತಾನೇ ಸೋತ. ಆ ಮನುಷ್ಯನನ್ನು ಕಲ್ಕತ್ತಾಕ್ಕೆ ಕರೆತಂದು ಕಾಕ್ರನ್ ಎದುರು ಕೂರಿಸಿದರು. ಅಲ್ಲಿ ಅವನು ಸೋತ. ಆದರೂ ಕಾಕ್ರನ್‌ಗೆ ಸಂತೋಷವೋ ಸಂತೋಷ. ಕ್ಲಬ್ಬಿನವರು ಅವನಿಗೆ ಸಂಬಳ ಗೊತ್ತುಮಾಡಿ ಅಲ್ಲೇ ಉಳಿಸಿಕೊಂಡರು. ಅವನೇ ಮಹೇಶಚಂದ್ರ ಬ್ಯಾನರ್ಜಿ. 1848ರಿಂದ ಮುಂದೆ ಹತ್ತು ಹನ್ನೆರಡು ವರ್ಷಗಳಲ್ಲಿ ಈ ಇಬ್ಬರೂ ನೂರಾರು ಆಟ ಆಡಿದರು. ಕಾಕ್ರನ್ ಬರೆದಿಟ್ಟದ್ದರಿಂದ ಅವು ಉಳಿದವು.

ಮಹೇಶಚಂದ್ರ ಕಲಿತದ್ದು ನಮ್ಮ ದೇಶೀ ನಿಯಮದ ಚದುರಂಗ. ನಿಮ್ಮ ಅಜ್ಜಂದಿರಲ್ಲಿ ಕೆಲವರಿಗೆ ಆ ನಿಯಮ ಗೊತ್ತಿರಬಹುದು. ಅಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು, ಎರಡು ಮನೆ ಹಾರುವಂತಿಲ್ಲ. ಕ್ಯಾಸ್ಲಿಂಗ್ ಇಲ್ಲ. ಅದರ ಬದಲು ರಾಜನಿಗೆ ಆಟದಲ್ಲಿ ಒಮ್ಮೆ ಕುದುರೆಯಂತೆ ಜಿಗಿಯುವ ಅವಕಾಶ. ಇಂಥ ಆಟದಲ್ಲಿ ಮಧ್ಯದ ಮನೆಗಳಿಗೆ ಮೊದಲೇ ನುಗ್ಗುವ ಮಾತೇ ಬರುವುದಿಲ್ಲ. ಕಾಲಾಳನ್ನು ಒಂದೊಂದೇ ಹೆಜ್ಜೆ ಮುಂದಿಟ್ಟು, ಒಂಟೆಯನ್ನು ಮೂಲೆಗೆ ಕೂರಿಸಿ, ಎದುರಾಳಿ ಏನು ಮಾಡುತ್ತಾನೆಂದು ನೋಡಿ, ಆಮೇಲೆ ಕೈ ಹಾಕುವುದೇ ರೂಢಿ. ಮಹೇಶಚಂದ್ರ ಬ್ರಿಟಿಷರ ನಿಯಮಕ್ಕೆ ಬಂದಾಗಲೂ ಈ ಅಭ್ಯಾಸವನ್ನು ಬಿಡಲಿಲ್ಲ. ಆ ಕಾಲದ ಯುರೋಪಿಯನ್ನರಿಗೆ ಇದು ವಿಚಿತ್ರವಾಗಿ ಕಂಡಿತು. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ ಮಧ್ಯಭಾಗ ಹಿಡಿಯದವನು ಆಟಗಾರನೇ ಅಲ್ಲ ಎಂಬ ನಂಬಿಕೆ ಅವರದು. ಹಾಗಾಗಿ ಈ ನಡೆಗಳನ್ನು 'ಇಂಡಿಯನ್' ಎಂದು ಕರೆದು ಬದಿಗಿಟ್ಟರು. 'ಇಂಡಿಯನ್ ಡಿಫೆನ್ಸ್' ಎಂಬ ಮಾತು 1884ರಲ್ಲೇ ಅಚ್ಚಾಗಿದೆ. ಮುಂದೆ 1920ರ ದಶಕದಲ್ಲಿ ಯುರೋಪಿನ ಹೊಸ ತಲೆಮಾರು ಇದೇ ದಾರಿ ಹಿಡಿದಾಗ ಅದು 'ಅತ್ಯಾಧುನಿಕ' ಎನ್ನಿಸಿಕೊಂಡಿತು. ದೇಶದ ಹೆಸರು ಉಳಿಯಿತು, ಆಡಿದವನ ಹೆಸರು ಮರೆಯಾಯಿತು. ಒಂದು ಆರಂಭಕ್ಕೆ ಗ್ರುನ್‌ಫೆಲ್ಡ್ ಎಂಬ ಆಸ್ಟ್ರಿಯನ್ನನ ಹೆಸರಿದೆ. ಆತ ಹುಟ್ಟಿದ್ದು 1893ರಲ್ಲಿ. ಅವೇ ನಡೆಗಳನ್ನು ಮಹೇಶಚಂದ್ರ ಕಾಕ್ರನ್ ಎದುರು ಆಡಿದ್ದು 1855ರಲ್ಲಿ! ಇದನ್ನು ಅನ್ಯಾಯ ಎಂದು ನಾನು ಕೂಗಾಡುವುದಿಲ್ಲ. ಆದರೆ ಕಪ್ಪು ಕಾಯಿ ಹಿಡಿದಾಗ ನಿಮಗೆ ಅವನ ಹೆಸರು ನೆನಪಿರಲಿ.

ಮಣೆಯ ಮೇಲೆ

ಈಗ ಮಣೆ ನೋಡಿ. ಬಿಳಿಯವರ ಎಡಗೈ ಕಡೆಯಿಂದ ಸಾಲುಗಳಿಗೆ ಎ, ಬಿ, ಸಿ ಎಂದು ಎಚ್ ತನಕ ಹೆಸರು. ಬಿಳಿಯ ಕಡೆಯಿಂದ ಒಂದರಿಂದ ಎಂಟರವರೆಗೆ ಅಂಕಿ. ಬಿಳಿ ತನ್ನ ಕಾಲಾಳುಗಳನ್ನು ಡಿ4, ಸಿ4, ಇ4ಕ್ಕೆ ತಂದು ನಿಲ್ಲಿಸುತ್ತಾನೆ. ನೋಡಿದರೆ ಎದೆ ಝಲ್ಲೆನ್ನಬೇಕು, ನಡುಮಣೆಯೆಲ್ಲ ಅವನದೇ. ಅಷ್ಟರಲ್ಲಿ ಕಪ್ಪು ಏನು ಮಾಡಿದ್ದಾನೆ? ಕುದುರೆ ಎಫ್6ಕ್ಕೆ ಬಂದಿದೆ. ಜಿ ಕಾಲಾಳು ಒಂದೇ ಹೆಜ್ಜೆ ಮುಂದೆ ಬಂದು ಜಿ6ರಲ್ಲಿ ನಿಂತಿದೆ. ಅದರ ಹಿಂದೆ ಜಿ7ರಲ್ಲಿ ಒಂಟೆ ಕೂತಿದೆ. ಡಿ ಕಾಲಾಳು ಡಿ6ರಲ್ಲಿದೆ. ರಾಜ ಕ್ಯಾಸ್ಲಿಂಗ್ ಮಾಡಿ ಮೂಲೆ ಸೇರಿದ್ದಾನೆ. ಐದೇ ನಡೆ, ಬಾಯಿಪಾಠ ಮಾಡಲು ಐದು ನಿಮಿಷ ಸಾಕು. ಬಿಳಿ ಡಿ4ರಿಂದ ಆರಂಭಿಸಿದರೂ ಸಿ4 ಆಡಿದರೂ ಕುದುರೆಯನ್ನು ಮೊದಲು ತೆಗೆದರೂ ಬಹುಮಟ್ಟಿಗೆ ಇದೇ ವ್ಯೂಹ ನಡೆಯುತ್ತದೆ. ಕೋಚಿಂಗ್ ಇಲ್ಲದ, ಪುಸ್ತಕದ ರಾಶಿ ಇಲ್ಲದ ಊರಿನ ಹುಡುಗರಿಗೆ ಇದು ದೊಡ್ಡ ಅನುಕೂಲ.

ಆದರೆ ಇಷ್ಟಕ್ಕೇ ನಿಂತರೆ ಸೋಲು ಖಂಡಿತ. ನಾನು ಶಾಲಾ ಟೂರ್ನಿಗಳಲ್ಲಿ ನೋಡಿದ ಆಟಗಳಲ್ಲಿ ಬಹಳ ಮಕ್ಕಳು ಈ ಐದು ನಡೆ ಆಡಿ, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಕುದುರೆಯನ್ನು ಅತ್ತಿತ್ತ ಓಡಾಡಿಸುತ್ತಾರೆ. ಬಿಳಿ ನಿಧಾನವಾಗಿ ಕತ್ತು ಹಿಸುಕುತ್ತಾನೆ. ಮಧ್ಯಭಾಗವನ್ನು ಬಿಟ್ಟುಕೊಟ್ಟದ್ದು ದಾನಕ್ಕಲ್ಲ, ಸಾಲಕ್ಕೆ. ವಸೂಲಿ ಮಾಡಲೇಬೇಕು.

ವಸೂಲಿಯ ತರ್ಕ ಹೀಗಿದೆ. ಕಾಲಾಳು ಹಿಂದಕ್ಕೆ ಬರಲಾರದು. ಮುಂದೆ ಹೋದ ಪ್ರತಿ ಕಾಲಾಳನ್ನೂ ಬಿಳಿ ಕಾಯಬೇಕು. ನಿಮ್ಮ ಜಿ7ರ ಒಂಟೆ ಓರೆಯಾಗಿ ಇಡೀ ಮಣೆಯನ್ನು ನೋಡುತ್ತಿದೆ, ಎಫ್6ರ ಕುದುರೆ ಇ4ರ ಕಾಲಾಳಿನ ಮೇಲೆ ಕಣ್ಣಿಟ್ಟಿದೆ. ಈಗ ನೀವು ಇ5 ಎಂದು ಕಾಲಾಳನ್ನು ನೂಕಿ ಡಿ4ಕ್ಕೆ ಪೆಟ್ಟು ಕೊಡಬೇಕು. ಇಲ್ಲವೆ ಸಿ5 ಎಂದು ಬದಿಯಿಂದ ಪೆಟ್ಟು ಕೊಡಬೇಕು. ಇವೆರಡರಲ್ಲಿ ಒಂದು ಆಗಲೇಬೇಕು, ಅದೂ ಮೊದಲ ಆರೇಳು ನಡೆಗಳಲ್ಲೇ. ಹೊಸಬರಿಗೆ ನನ್ನ ಸಲಹೆ ಇ5. ಸಿ5ರ ದಾರಿ ಬೇರೆ ಸ್ವಭಾವದ್ದು. ಅದು ಒಂಟೆಯ ಓಣಿಯನ್ನು ತೆರೆದು ಮಂತ್ರಿಯ ಕಡೆ ಆಡುವ ಆಟ, ಅದನ್ನು ಆಮೇಲೆ ಕಲಿಯಬಹುದು.

ಇ5 ಆಡಿದ ಕೂಡಲೇ ಹೊಸಬರು ಕೇಳುವ ಪ್ರಶ್ನೆ: 'ಆ ಕಾಲಾಳು ಪುಕ್ಕಟೆ ಹೋಗೋದಿಲ್ಲೇನ್ರಿ?' ಹೋಗುವುದಿಲ್ಲ. ಬಿಳಿ ಡಿ ಕಾಲಾಳಿನಿಂದ ಇ5ರಲ್ಲಿ ಹೊಡೆದ, ನೀವು ಡಿ ಕಾಲಾಳಿನಿಂದ ಹೊಡೆದಿರಿ. ಮಂತ್ರಿಗೆ ಮಂತ್ರಿ ಹೋಯಿತು, ನಿಮ್ಮ ಆನೆ ಡಿ8ಕ್ಕೆ ಬಂತು. ಈಗ ಬಿಳಿಯ ಕುದುರೆ ಆಸೆಬುರುಕನಂತೆ ಇ5ರ ಕಾಲಾಳನ್ನು ಹೊಡೆಯಿತೆನ್ನಿ. ನಿಮ್ಮ ಎಫ್6ರ ಕುದುರೆ ಜಿಗಿದು ಇ4ರ ಕಾಲಾಳನ್ನು ಹೊಡೆಯುತ್ತದೆ! ಕುದುರೆ ಪಕ್ಕಕ್ಕೆ ಸರಿದೊಡನೆ ಜಿ7ರ ಒಂಟೆಗೆ ದಾರಿ ತೆರೆಯಿತು, ಇ5ರಲ್ಲಿ ಕೂತ ಬಿಳಿ ಕುದುರೆ ಒಂಟೆಯ ಬಾಯಿಗೆ ಬಿತ್ತು. ಬಿಳಿ ನಿಮ್ಮ ಕುದುರೆಯನ್ನು ಹೊಡೆದರೆ ನೀವು ಅವನ ಕುದುರೆಯನ್ನು ಹೊಡೆಯುತ್ತೀರಿ. ಲೆಕ್ಕ ಸರಿಸಮ, ಆಟ ನಿಮಗೆ ಹಗುರ. ಇದೊಂದನ್ನು ಮನೆಯಲ್ಲಿ ಹತ್ತು ಸಲ ಆಡಿ ನೋಡಿದರೆ ಇ5ರ ಹೆದರಿಕೆ ಹೋಗುತ್ತದೆ.

ಬಿಳಿ ಆಸೆ ಪಡದೆ ಸುಮ್ಮನೆ ಮಂತ್ರಿಗಳನ್ನು ಬದಲಾಯಿಸಿ ಡ್ರಾ ಕಡೆ ಹೊರಟರೆ? ಆಗ ಡಿ4 ಎಂಬ ಮನೆಯನ್ನು ನೋಡಿ. ಬಿಳಿಯ ಸಿ ಮತ್ತು ಇ ಕಾಲಾಳುಗಳೆರಡೂ ಅದನ್ನು ದಾಟಿ ಮುಂದೆ ಬಂದುಬಿಟ್ಟಿವೆ. ಅಲ್ಲಿ ನಿಮ್ಮ ಕುದುರೆ ಬಂದು ಕೂತರೆ ಓಡಿಸಲು ಬಿಳಿಯ ಬಳಿ ಕಾಲಾಳಿಲ್ಲ. ಅದೇ ನಿಮ್ಮ ಪಾಳಿಯ ಡಿ5ನ್ನು ಸಿ6ರ ಕಾಲಾಳು ಕಾಯಬಲ್ಲದು. ಮಂತ್ರಿ ಹೋದ ಮೇಲೆ ಆಟ ಸಪ್ಪೆ ಎನ್ನುವವರಿದ್ದಾರೆ. ಈ ಒಂದು ಮನೆಯ ಮೇಲೆ ನಿಧಾನಕ್ಕೆ ಗೆದ್ದವರೂ ಇದ್ದಾರೆ.

ಎರಡು ಕಡೆಯ ಓಟ

ನಿಜವಾದ ಕಿಂಗ್ಸ್ ಇಂಡಿಯನ್ ಶುರುವಾಗುವುದು ಬಿಳಿ ಹೊಡೆಯದೆ, ಡಿ5 ಎಂದು ಕಾಲಾಳನ್ನು ಮುಂದೆ ನೂಕಿ ನಡುಮಣೆಗೆ ಬೀಗ ಹಾಕಿದಾಗ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಈ ವ್ಯೂಹದ ರಸವೆಲ್ಲ ಇಲ್ಲೇ ಇದೆ.

ನಡುಮಣೆ ಮುಚ್ಚಿದ ಮೇಲೆ ಯುದ್ಧ ಎರಡು ಬದಿಗೆ ಹಂಚಿಹೋಗುತ್ತದೆ. ಯಾರು ಯಾವ ಕಡೆ ನುಗ್ಗಬೇಕು? ಕಾಲಾಳುಗಳ ಸರಪಳಿ ಯಾವ ದಿಕ್ಕಿಗೆ ಬೆರಳು ಮಾಡುತ್ತದೋ ಆ ಕಡೆ. ಬಿಳಿಯ ಇ4-ಡಿ5 ಸರಪಳಿ ಮಂತ್ರಿಯ ಕಡೆಗೆ ತೋರಿಸುತ್ತಿದೆ, ಆದ್ದರಿಂದ ಅವನು ಸಿ5 ಎಂದು ಅಲ್ಲಿ ನುಗ್ಗುತ್ತಾನೆ. ನಿಮ್ಮ ಡಿ6-ಇ5 ಸರಪಳಿ ರಾಜನ ಕಡೆಗೆ ತೋರಿಸುತ್ತಿದೆ. ನೀವು ಎಫ್5 ಎಂದು ಅಲ್ಲಿ ನುಗ್ಗಬೇಕು. ಎಫ್ ಕಾಲಾಳಿನ ದಾರಿಗೆ ನಿಮ್ಮದೇ ಕುದುರೆ ಎಫ್6ರಲ್ಲಿ ಅಡ್ಡ ನಿಂತಿದೆಯಲ್ಲ, ಅದನ್ನು ಮೊದಲು ಡಿ7ಕ್ಕೋ ಇ8ಕ್ಕೋ ಎಚ್5ಕ್ಕೋ ಸರಿಸಿ. ಆಮೇಲೆ ಎಫ್5, ಎಫ್4, ಹಿಂದೆಯೇ ಜಿ5, ಎಚ್5, ಕೊನೆಗೆ ಜಿ4. ಕಾಲಾಳುಗಳು ಸಾಲಾಗಿ ಬಿಳಿ ರಾಜನ ಮೇಲೆ ಏರಿ ಹೋಗುತ್ತವೆ. ಆನೆ ಎಫ್7ಕ್ಕೆ ಬಂದು ಅಲ್ಲಿಂದ ಜಿ7ಕ್ಕೆ. ಅದಕ್ಕೆ ಜಾಗ ಮಾಡಿಕೊಡಲು ಒಂಟೆ ಹಿಂದಕ್ಕೆ ಎಫ್8ಕ್ಕೆ. ಅಲ್ಲಿಂದ ಅದು ಡಿ6ರ ಕಾಲಾಳನ್ನೂ ಕಾಯುತ್ತದೆ. ಇ7ರಲ್ಲಿದ್ದ ಕುದುರೆ ಜಿ6ಕ್ಕೆ. ಒಂದೊಂದು ಕಾಯಿಗೂ ಕೆಲಸವಿದೆ, ಸುಮ್ಮನೆ ಕೂತವರಿಲ್ಲ.

ಕೂತಂತೆ ಕಾಣುವ ಒಬ್ಬನಿದ್ದಾನೆ, ಸಿ8ರ ಒಂಟೆ. ಮನೆ ಬಿಟ್ಟು ಹೊರಟೇ ಇರುವುದಿಲ್ಲ. ಮಕ್ಕಳು ಅದನ್ನು ಕೆಲಸವಿಲ್ಲದ ಕಾಯಿ ಎಂದು ತಿಳಿದು ಮೊದಲ ಅವಕಾಶದಲ್ಲೇ ಬಿಳಿಯ ಕುದುರೆಗೆ ಬದಲಾಯಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಜಿ4ಕ್ಕೆ ಹಿಂಬಲ ಅದೇ, ಕಡೆಗೆ ಎಚ್3ರಲ್ಲಿ ತನ್ನನ್ನೇ ಬಲಿಕೊಟ್ಟು ರಾಜನ ಗೋಡೆ ಒಡೆಯುವುದೂ ಅದೇ. ಆ ಒಂಟೆ ಹೋದರೆ ನಿಮ್ಮ ದಾಳಿಯ ಅರ್ಧ ಬಲ ಹೋದಂತೆ.

ಅತ್ತ ಬಿಳಿಯೂ ಸುಮ್ಮನಿರುವುದಿಲ್ಲ. ಸಿ5 ನೂಕಿ, ಡಿ6ರಲ್ಲಿ ಹೊಡೆದು, ಸಿ ಸಾಲು ತೆರೆದು, ಕುದುರೆಯನ್ನು ಬಿ5ಕ್ಕೆ ತಂದು ಸಿ7ಕ್ಕೆ ನುಗ್ಗಲು ನೋಡುತ್ತಾನೆ. ಅವನ ದಾಳಿ ಸಾಮಾನ್ಯವಾಗಿ ನಿಮ್ಮದಕ್ಕಿಂತ ಒಂದು ಹೆಜ್ಜೆ ಮುಂದಿರುತ್ತದೆ. ಹಾಗಾದರೆ ಕಪ್ಪಿಗೆ ಏನು ಧೈರ್ಯ? ಬಿಳಿಯ ಓಟ ಮುಗಿದರೆ ಅವನಿಗೆ ಸಿಗುವುದು ಒಂದು ಕಾಲಾಳು, ಹೆಚ್ಚೆಂದರೆ ಒಂದು ಆನೆ. ನಿಮ್ಮ ಓಟ ಮುಗಿದರೆ ನಿಮಗೆ ಸಿಗುವುದು ರಾಜ. ಈ ಲೆಕ್ಕ ಅರ್ಥವಾದ ಆಟಗಾರ ಮಂತ್ರಿಯ ಕಡೆ ಒಂದು ಕಾಲಾಳು ಹೋದರೂ ಬೆವರುವುದಿಲ್ಲ. ಅರ್ಥವಾಗದವನು ಬಿಳಿ ಅತ್ತ ಮುಟ್ಟಿದಾಗಲೆಲ್ಲ ಅತ್ತ ಓಡುತ್ತಾನೆ. ಆ ಕಡೆ ನೀವು ಅನವಶ್ಯಕವಾಗಿ ನೂಕುವ ಪ್ರತಿ ಕಾಲಾಳೂ ಬಿಳಿಗೇ ಬಾಗಿಲು ತೆರೆಯುತ್ತದೆ. ಒಂದು ವಿನಾಯಿತಿ ಇದೆ. ಬಿಳಿ ಬಹಳ ಬೇಗ ಡಿ5 ಆಡಿ ನಿಧಾನ ಮಾಡಿದರೆ ಎ5 ಎಂದು ಕಾಲಾಳು ನೂಕಿ, ಬಿ8ರ ಕುದುರೆಯನ್ನು ಎ6ರ ಮೂಲಕ ಸಿ5ಕ್ಕೆ ತಂದು ಕೂರಿಸಬಹುದು. ಎ5ರ ಕಾಲಾಳು ಬಿಳಿಯ ಬಿ4 ನಡೆಯನ್ನು ತಡೆಹಿಡಿಯುವುದರಿಂದ ಆ ಕುದುರೆಯನ್ನು ಏಳಿಸುವುದು ಸುಲಭವಲ್ಲ.

ಈ ಎರಡು ಕಡೆಯ ಓಟಕ್ಕೆ ಮಾರ್ ಡೆಲ್ ಪ್ಲಾಟಾ ಎಂದು ಹೆಸರು. ಅರ್ಜೆಂಟೀನಾದ ಆ ಊರಿನಲ್ಲಿ 1953ರಲ್ಲಿ ನಡೆದ ಟೂರ್ನಿಯಲ್ಲಿ ನೈಡೋರ್ಫ್ ಎದುರು ಯುಗೊಸ್ಲಾವಿಯಾದ ಗ್ಲಿಗೊರಿಚ್ ಕಪ್ಪು ಕಾಯಿಯಲ್ಲಿ ಹೀಗೆ ನುಗ್ಗಿ ಗೆದ್ದ. ಪೆಟ್ಟು ತಿಂದ ನೈಡೋರ್ಫ್ ಅದೇ ವರ್ಷ ಜ್ಯೂರಿಕ್‌ನಲ್ಲಿ ತಾನೇ ಕಪ್ಪು ಕಾಯಿ ಹಿಡಿದು ತೈಮಾನೋವ್ ಎದುರು ಇದೇ ದಾಳಿ ಮಾಡಿ ಗೆದ್ದ. ಜಾಣ ಮನುಷ್ಯ! ಅದಕ್ಕೂ ಮೊದಲು 1940ರ ದಶಕದಲ್ಲಿ ಬ್ರಾನ್‌ಸ್ಟೀನ್, ಬೊಲೆಸ್ಲಾವ್‌ಸ್ಕಿ, ಗೆಲ್ಲರ್ ಎಂಬ ಸೋವಿಯತ್ ಆಟಗಾರರು ಈ ವ್ಯೂಹಕ್ಕೆ ಮರ್ಯಾದೆ ತಂದುಕೊಟ್ಟಿದ್ದರು. ಆಮೇಲೆ ಫಿಷರ್, ಆಮೇಲೆ ಕ್ಯಾಸ್ಪರೋವ್. 1989ರಲ್ಲಿ ಟಿಲ್‌ಬರ್ಗ್‌ನಲ್ಲಿ ಪಿಕೆಟ್ ಎದುರು ಕ್ಯಾಸ್ಪರೋವ್ ಆಡಿದ ಆಟವನ್ನು ಮೊಬೈಲ್ ಇರುವವರು ಹುಡುಕಿ ನೋಡಿ. ಮಂತ್ರಿಯ ಕಡೆ ಬಿಳಿ ಏನು ಮಾಡಿದರೂ ತಲೆಕೆಡಿಸಿಕೊಳ್ಳದೆ ಇತ್ತ ರಾಜನನ್ನು ಮುಗಿಸಿದ ಆಟ ಅದು.

ವಾಗಣಗೇರಾ ನೆನಪು

ಜಾಗ ಬಿಟ್ಟುಕೊಡುವುದು ಹೇಡಿತನ ಎನ್ನುವವರಿಗೆ ನಿಮ್ಮ ಬಗಲಲ್ಲೇ ಉತ್ತರವಿದೆ. 1705ರಲ್ಲಿ ಔರಂಗಜೇಬ್ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅವನಿಗಾಗ 86 ವರ್ಷ. ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಇದು. ಇಡೀ ಹಿಂದೂಸ್ತಾನದ ಬಾದಶಹನ ಸೈನ್ಯ ಒಂದು ಕಡೆ, ಪಿಡ್ಡನಾಯಕನ ಬೇಡರ ಪಡೆ ಇನ್ನೊಂದು ಕಡೆ. ಸುಮಾರು ಮೂರು ತಿಂಗಳು ಕೋಟೆ ಬಗ್ಗಲಿಲ್ಲ. ಶರಣಾಗತಿಯ ಮಾತುಕತೆ ಎಂದು ನಾಯಕ ದಿನ ತಳ್ಳಿದ, ಅಷ್ಟರಲ್ಲಿ ಮರಾಠರ ನೆರವು ಬಂತು. ಕಡೆಗೆ ಇನ್ನು ತಡೆಯಲಾಗದು ಎಂದಾಗ ರಾತ್ರೋರಾತ್ರಿ ಕೋಟೆಗೆ ಬೆಂಕಿಯಿಟ್ಟು ಎಲ್ಲರೂ ಪಾರಾದರು. ಬಾದಶಹನಿಗೆ ಸಿಕ್ಕಿದ್ದು ಸುಟ್ಟ ಗೋಡೆಗಳು. ಎರಡು ವರ್ಷದಲ್ಲಿ ಅವನೇ ತೀರಿಕೊಂಡ. ನಾಯಕರು ಸುರಪುರದಿಂದ ಇನ್ನೂ ಒಂದೂವರೆ ಶತಮಾನ ಆಳಿದರು. ಯುದ್ಧದಲ್ಲಿ ಜನ ಸಾಯುತ್ತಾರೆ, ಮಣೆಯ ಮೇಲೆ ಸಾಯುವುದಿಲ್ಲ. ಆದ್ದರಿಂದ ಹೋಲಿಕೆಯನ್ನು ನಾನು ಬಹಳ ದೂರ ಎಳೆಯುವುದಿಲ್ಲ. ಮನೆ ಕಳೆದುಕೊಳ್ಳುವುದು ಬೇರೆ, ಆಟ ಕಳೆದುಕೊಳ್ಳುವುದು ಬೇರೆ ಎಂಬಷ್ಟಕ್ಕೆ ಅದನ್ನು ಹೇಳಿದೆ.

ಎರಡು ಆಟ

ಮಹೇಶಚಂದ್ರನ ಎರಡು ಆಟಗಳನ್ನು ನೋಡೋಣ. ಒಂದರಲ್ಲಿ ಗೆದ್ದ, ಒಂದರಲ್ಲಿ ಸೋತ. ಸೋತದ್ದರಿಂದಲೂ ಕಲಿಯುವುದಿದೆ.

ಗೆದ್ದ ಆಟದಲ್ಲಿ ಕಾಕ್ರನ್ ನಾಲ್ಕು ಕಾಲಾಳುಗಳನ್ನು ಸಿ4, ಡಿ4, ಇ4, ಎಫ್4ಕ್ಕೆ ತಂದು ನಿಲ್ಲಿಸಿದ. ಮಹೇಶಚಂದ್ರ ನಮ್ಮ ಐದು ನಡೆ ಆಡಿ, ಸಿ8ರ ಒಂಟೆಯನ್ನು ಜಿ4ಕ್ಕೆ ತಂದ. (ನಡುಮಣೆ ಇನ್ನೂ ಮುಚ್ಚಿಲ್ಲ, ಹಾಗಾಗಿ ಇಲ್ಲಿ ಅದು ಸರಿ.) ಏಳನೇ ನಡೆಗೆ ಇ5! ಬಿಳಿ ಹೊಡೆದ, ಕಪ್ಪು ಹೊಡೆದ, ಬಿಳಿ ಡಿ5 ನೂಕಿದ. ಆಗ ಮಹೇಶಚಂದ್ರನ ಕುದುರೆ ಇ4ರ ಕಾಲಾಳನ್ನು ಹೊಡೆದು ಪ್ರಾಣ ಕೊಟ್ಟಿತು. ಅದನ್ನು ಹೊಡೆದ ಬಿಳಿ ಕುದುರೆಯನ್ನು ಎಫ್5 ಎಂದು ಕಾಲಾಳು ಓಡಿಸಿತು. ಮತ್ತೆ ಇ4 ಎಂದು ಇನ್ನೊಂದು ಕಾಲಾಳು ಒಂದೇ ಏಟಿಗೆ ಒಂಟೆ, ಕುದುರೆ ಎರಡಕ್ಕೂ ಬೆದರಿಕೆ ಹಾಕಿತು. ಕಾಕ್ರನ್ ತನ್ನ ಇನ್ನೊಂದು ಕುದುರೆಯನ್ನು ಇ6ಕ್ಕೆ ಹಾರಿಸಿ ಕಪ್ಪು ಮಂತ್ರಿಗೇ ಕೈ ಹಾಕಿದ. ಮಹೇಶಚಂದ್ರ ಮಂತ್ರಿಯನ್ನು ಸರಿಸಲೇ ಇಲ್ಲ. ಎಫ್3ರ ಕುದುರೆಯನ್ನು ಕಾಲಾಳಿನಿಂದ ಹೊಡೆದ. ಕಾಕ್ರನ್ ಮಂತ್ರಿಯನ್ನು ಹೊಡೆದ. ಆ ಕಾಲಾಳು ಎಫ್3ರಿಂದ ಜಿ2ಕ್ಕೆ ಹೊಡೆದು ಸರಿಯಿತು. ಸರಿದದ್ದೇ ತಡ, ಜಿ4ರ ಒಂಟೆಗೆ ಡಿ1ರ ಬಿಳಿ ಮಂತ್ರಿ ನೇರ ಗುರಿಯಾಯಿತು, ಮೂಲೆಯ ಆನೆಗೆ ಕಾಲಾಳಿನ ಬೆದರಿಕೆ ಬೇರೆ. ಮಂತ್ರಿಗೆ ಮಂತ್ರಿ ಮುಯ್ಯಿಗೆ ಮುಯ್ಯಿ. ಕಡೆಗೆ ಆಟವನ್ನೂ ಗೆದ್ದ. ದೇಶೀ ನಿಯಮದಲ್ಲಿ ಕಲಿತ ಮನುಷ್ಯ, ಎದುರಿಗೆ ಜಗತ್ತಿನ ದೊಡ್ಡ ಆಟಗಾರ, ಕೈಯಲ್ಲಿ ಕಪ್ಪು ಕಾಯಿ.

ಸೋತ ಆಟ ನಾನಾಗಲೇ ಹೇಳಿದ 1855ರದು. ಆರಂಭ ಇಂದಿನ ಗ್ರ್ಯಾಂಡ್‌ಮಾಸ್ಟರ್‌ಗಳೂ ಮೆಚ್ಚುವಂಥದ್ದು. ಹದಿನೇಳನೇ ನಡೆಯಲ್ಲಿ ಕಾಕ್ರನ್ ಕುದುರೆಯನ್ನು ಜಿ5ಕ್ಕೆ ತಂದಾಗ ಮಹೇಶಚಂದ್ರ ಇ2ರ ಒಂಟೆ ಹೊಡೆದ. ಕುದುರೆ ಎಫ್7ರಲ್ಲಿ ಹೊಡೆಯಿತು. ಆಗಲೂ ರಾಜನ ಕಡೆ ನೋಡದೆ ತನ್ನ ಕುದುರೆಯನ್ನು ಎ5ಕ್ಕೆ ತಂದು ಬಿಳಿ ಮಂತ್ರಿಗೆ ಬೆದರಿಕೆ ಹಾಕಿದ. ಕಾಕ್ರನ್ ಕುದುರೆಯನ್ನು ಎಚ್6ಕ್ಕೆ ಹಾರಿಸಿ ಕುದುರೆ, ಮಂತ್ರಿ ಎರಡರಿಂದಲೂ ಚೆಕ್ ಕೊಡುವ ಸ್ಥಿತಿ. ರಾಜ ಮೂಲೆಗೆ ಹೋದರೆ ಬಿಳಿ ಮಂತ್ರಿ ಜಿ8ರಲ್ಲಿ ತಾನೇ ಹೋಗಿ ಬೀಳುತ್ತದೆ, ಆನೆ ಹೊಡೆಯಲೇಬೇಕು. ಕುದುರೆ ಮತ್ತೆ ಎಫ್7ಕ್ಕೆ, ಮೇಟ್! ತನ್ನವರ ನಡುವೆಯೇ ಉಸಿರುಗಟ್ಟಿದ ರಾಜ. ಮಂತ್ರಿಯ ಕಡೆ ಅಷ್ಟು ಚೆನ್ನಾಗಿ ಆಡಿದವನಿಗೆ ಎಫ್7 ಒಂದು ಮನೆ ಮರೆತುಹೋಯಿತು. ಕಿಂಗ್ಸ್ ಇಂಡಿಯನ್‌ನಲ್ಲಿ ನೀವು ನಿಮ್ಮ ರಾಜನ ಮುಂದಿನ ಕಾಲಾಳುಗಳನ್ನೇ ಯುದ್ಧಕ್ಕೆ ಕಳಿಸುತ್ತೀರಿ. ಅಲ್ಲಿ ಇಂಥ ಮರೆವಿಗೆ ಬೆಲೆ ಇನ್ನೂ ಹೆಚ್ಚು.

ಇದರ ಕಷ್ಟವನ್ನೂ ಹೇಳಿಬಿಡುತ್ತೇನೆ. 1997ರಲ್ಲಿ ರಷ್ಯದ ನವ್ಗೊರೊದ್‌ನಲ್ಲಿ ಕ್ರಾಮ್ನಿಕ್ ಇದೇ ವ್ಯೂಹದಲ್ಲಿ ಕ್ಯಾಸ್ಪರೋವ್‌ನನ್ನು ಸೋಲಿಸಿದ. ಬಿಳಿ ಒಂಬತ್ತನೇ ನಡೆಯಲ್ಲೇ ಬಿ4 ನೂಕುವ ದಾರಿ ಅದು. ಕಪ್ಪು ಎಫ್5 ಆಡಿದ ಕೂಡಲೇ ಬಿಳಿ ಕುದುರೆ ಜಿ5ರ ಮೂಲಕ ಇ6ಕ್ಕೆ ಬಂದು ಕೂರಲು ನೋಡುತ್ತದೆ. ಎಫ್ ಕಾಲಾಳು ಮುಂದೆ ಹೋದ ಮೇಲೆ ಇ6ಕ್ಕೆ ಕಾವಲಿಲ್ಲವಲ್ಲ! ಆಗ ಸಿ8ರ ಒಂಟೆಯನ್ನು ಕೊಟ್ಟಾದರೂ ಆ ಕುದುರೆಯನ್ನು ತೆಗೆಯಬೇಕಾಗಬಹುದು. ಇಂದಿನ ಕಂಪ್ಯೂಟರ್‌ಗಳಂತೂ ಈ ವ್ಯೂಹವನ್ನು ಕಂಡರೆ ಬಿಳಿಗೆ ಧಾರಾಳವಾಗಿ ಅಂಕ ಕೊಡುತ್ತವೆ. ಆದರೆ ನಿಮ್ಮ ಎದುರಿಗೆ ಕೂರುವುದು ಕಂಪ್ಯೂಟರ್ ಅಲ್ಲ, ನಿಮ್ಮಂತೆಯೇ ಬೆಳಿಗ್ಗೆ ಬಸ್ಸಿನಲ್ಲಿ ಬಂದ ಇನ್ನೊಬ್ಬ ಹುಡುಗ. ತನ್ನ ರಾಜನ ಮೇಲೆ ನಾಲ್ಕು ಕಾಲಾಳು ಏರಿ ಬರುವಾಗ ಅವನ ಕೈಯೂ ನಡುಗುತ್ತದೆ. ಡ್ರಾ ಸಾಕು ಎನ್ನುವವರಿಗೆ ಬೇರೆ ಆರಂಭಗಳಿವೆ. ಕಪ್ಪಿನಲ್ಲೂ ಗೆಲ್ಲಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜಕುಮಾರ್. ಕುದುರೆ ನಡಿಗೆಯ ದೊರೆ ಆಳಿದ ಊರಿಗೇ ಅಷ್ಟು ಕಾಲ ಹಿಡಿಯಿತು. ಬೋನಾಳದ ಮಕ್ಕಳಿಗೆ ಇನ್ನೂ ಸಮಯವಿದೆ.

ಅಲ್ಲಿ ಹಿಂದೆ ಕೂತ ತಂಗಿ ಕೈ ಎತ್ತುತ್ತಿದ್ದಾಳೆ. 'ಬಿಳಿ ಡಿ4 ಆಡದೆ ಇ4 ಆಡಿದ್ರ ಏನ್ ಮಾಡ್ಲಿ ಸರ್?' ಒಳ್ಳೆಯ ಪ್ರಶ್ನೆ. ಇದೇ ಐದು ನಡೆಗಳನ್ನು ಆಡಬಹುದು, ಆದರೆ ಮೊದಲು ಡಿ6, ಆಮೇಲೆ ಕುದುರೆ ಎಫ್6. ಇಲ್ಲವಾದರೆ ಬಿಳಿ ಇ5 ನೂಕಿ ನಿನ್ನ ಕುದುರೆಯನ್ನು ಓಡಿಸುತ್ತಾನೆ. ಅದಕ್ಕೆ ಸ್ಲೊವೇನಿಯಾದ ಆಟಗಾರನೊಬ್ಬನ ಹೆಸರಿನಲ್ಲಿ ಪಿರ್ಚ್ ಡಿಫೆನ್ಸ್ ಎನ್ನುತ್ತಾರೆ. ಬಿಳಿ ಸಿ4 ಆಡಿರುವುದಿಲ್ಲವಾದ್ದರಿಂದ ಅವನ ಕುದುರೆ, ಒಂಟೆಗಳು ಬೇಗ ಹೊರಬರುತ್ತವೆ. ಮಂತ್ರಿಯನ್ನು ಡಿ2ಕ್ಕೆ, ಒಂಟೆಯನ್ನು ಎಚ್6ಕ್ಕೆ ತಂದು ನಿನ್ನ ಜಿ7ರ ಒಂಟೆಯನ್ನು ಬದಲಾಯಿಸಲು ನೋಡುತ್ತಾನೆ. ಅಂಥ ಹೊತ್ತಿನಲ್ಲಿ ಕ್ಯಾಸ್ಲಿಂಗ್‌ಗೆ ಅವಸರ ಮಾಡಬೇಡ, ಸಿ6, ಬಿ5 ಎಂದು ಮೊದಲು ಆ ಕಡೆ ಕೆಲಸ ಶುರುಮಾಡು. ಮಹೇಶಚಂದ್ರ ಗೆದ್ದ ಆ ಆಟವೂ ಇ4ಕ್ಕೆ ಡಿ6 ಎಂದೇ ಶುರುವಾದದ್ದು. ಕಾಕ್ರನ್ ಆಮೇಲೆ ತಾನಾಗಿ ಸಿ4 ಆಡಿ ಈ ವ್ಯೂಹಕ್ಕೆ ಬಂದ. ಬಾ, ಮಣೆ ಹಾಕು, ಡಿ6ರಿಂದಲೇ ಆಡಿ ನೋಡೋಣ.